ಹಳಿ ತೆಗೆದ ಹಾದಿಯಲ್ಲಿ 241 ಕಿಲೋಮೀಟರ್: ಒಬ್ಬರೇ ಓಡುವವರಿಗೆ

ಪ್ರಶ್ನೆ: ನಾನು ಸಕಲೇಶಪುರದವಳು. ಹನ್ನೆರಡು ವರ್ಷಗಳಿಂದ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿದ್ದೇನೆ. ವಯಸ್ಸು 41, ತೂಕ 60 ಕಿಲೋ. ನಾಲ್ಕು ಮ್ಯಾರಥಾನ್ ಓಡಿದ್ದೇನೆ. ಮೇರಿಲ್ಯಾಂಡಿನ ಕಂಬರ್‌ಲ್ಯಾಂಡಿನಿಂದ ಪಿಟ್ಸ್‌ಬರ್ಗಿನವರೆಗೆ ಹಳೆಯ ರೈಲು ಮಾರ್ಗದ ಮೇಲೆ ಬರುವ ಗ್ರೇಟ್ ಅಲಿಗೇನಿ ಪ್ಯಾಸೇಜ್ ಹಾದಿಯನ್ನು ಸೆಪ್ಟೆಂಬರ್ ಕೊನೆಯ ವಾರದಲ್ಲಿ, ಜೊತೆಗೆ ಯಾರೂ ಇಲ್ಲದೆ, ಯಾರ ನೆರವೂ ಇಲ್ಲದೆ, ಬೆನ್ನಿಗೊಂದು ಚೀಲ ಹಾಕಿಕೊಂಡು ಓಡಬೇಕೆಂಬ ಆಸೆ. ಹಾದಿ ಸಮತಟ್ಟಾಗಿರುವುದರಿಂದ ದಿನಕ್ಕೆ 48 ಕಿಲೋಮೀಟರಿನಂತೆ ಐದು ದಿನದಲ್ಲಿ ಮುಗಿಸಬಹುದೆಂದು ಲೆಕ್ಕ ಹಾಕಿದ್ದೇನೆ. ಈಗಿನಿಂದ ಆರು ತಿಂಗಳ ಸಮಯವಿದೆ. ಸಸ್ಯಾಹಾರಿ. ಒಬ್ಬಳೇ ಹೋಗುತ್ತೇನೆಂದರೆ ಮನೆಯಲ್ಲಿ ಎಲ್ಲರಿಗೂ ಆತಂಕ. ಹೇಗೆ ಸಿದ್ಧಳಾಗಲಿ?

ಉತ್ತರ: ನಿಮ್ಮ ಆಸೆ ಸರಿಯಾದದ್ದು, ಹಾದಿಯ ಆಯ್ಕೆಯೂ ಸರಿಯಾದದ್ದು. ತಿದ್ದಬೇಕಾದದ್ದು ಒಂದೇ ಮಾತು: ಸಮತಟ್ಟಾಗಿರುವುದರಿಂದ ಸುಲಭ ಎಂಬುದು. ಹದಿನೈದು ವರ್ಷಗಳಿಂದ ದೂರದ ಓಟಗಾರರಿಗೆ ತರಬೇತಿ ಕೊಡುತ್ತಿರುವ ನಾನು, ಗುಡ್ಡಗಾಡಿನ ದಾರಿಗಳಲ್ಲಿ ಸೋತು ಕುಳಿತವರಿಗಿಂತ ಹೆಚ್ಚು ಜನ ರೈಲು ಹಾದಿಗಳಲ್ಲಿ ಎರಡನೆಯ ಅಥವಾ ಮೂರನೆಯ ದಿನ ಕಾಲು ಕೈಕೊಟ್ಟು ಓಟ ನಿಲ್ಲಿಸಿದ್ದನ್ನು ಕಂಡಿದ್ದೇನೆ. ಗುಡ್ಡದ ದಾರಿಯಲ್ಲಿ ಏರು ಬಂದಾಗ ನಡೆಯುತ್ತೀರಿ, ಕಲ್ಲು ಬಂದಾಗ ಹೆಜ್ಜೆ ಕಿರಿದಾಗುತ್ತದೆ, ಇಳಿಜಾರಿನಲ್ಲಿ ತೊಡೆಗೆ ಕೆಲಸ ಬೀಳುತ್ತದೆ. ಒಂದು ಸ್ನಾಯು ದಣಿಯುವಷ್ಟರಲ್ಲಿ ಕೆಲಸ ಇನ್ನೊಂದಕ್ಕೆ ದಾಟಿರುತ್ತದೆ. ರೈಲು ಹಾದಿಯಲ್ಲಿ ಈ ಕೈ ಬದಲಾವಣೆ ಇಲ್ಲ. ದಿನಕ್ಕೆ 45 ಕಿಲೋಮೀಟರ್ ಎಂದರೆ ಐವತ್ತು ಸಾವಿರಕ್ಕೂ ಮೀರಿದ ಹೆಜ್ಜೆಗಳು. ಅಷ್ಟೂ ಹೆಜ್ಜೆಗಳು ಒಂದೇ ಅಳತೆಯವು, ಒಂದೇ ಕೋನದಲ್ಲಿ, ಅದೇ ಮೀನಖಂಡದ ಮೇಲೆ, ಅದೇ ಮುಂಗಾಲ ಮೂಳೆಯ ಮೇಲೆ ಬೀಳುತ್ತವೆ. ಆದ್ದರಿಂದ ನಿಮ್ಮ ಸಿದ್ಧತೆಯೆಲ್ಲವೂ ಈ ಏಕರೂಪತೆಯನ್ನು ಮುರಿಯುವುದು ಹೇಗೆ ಎಂಬ ಪ್ರಶ್ನೆಯ ಸುತ್ತ ಇರಬೇಕು.

ಹಾದಿ ಹೀಗೇಕೆ ಇದೆ ಎಂಬುದನ್ನು ನಿಮಗೆ ವಿವರಿಸುವುದು ಸುಲಭ, ಏಕೆಂದರೆ ನೀವು ಘಾಟಿಯ ರೈಲು ನೋಡಿ ಬೆಳೆದವರು. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಮಾರ್ಗದಲ್ಲಿ 50 ಅಡಿ ಮುಂದೆ ಹೋದರೆ ಒಂದು ಅಡಿ ಇಳಿಯುವ ವಾಟವಿದೆ. ದಾರಿ ಕಡಿದಾದಷ್ಟೂ ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿಗೆ ಹಿಡಿತ ಕಷ್ಟ, ಹಾಗಾಗಿಯೇ ಅಲ್ಲಿ 57 ಸುರಂಗಗಳನ್ನು ಕೊರೆಯಬೇಕಾಯಿತು. ಕಂಬರ್‌ಲ್ಯಾಂಡಿನಿಂದ ಮೇಲೇರುವ ವೆಸ್ಟರ್ನ್ ಮೇರಿಲ್ಯಾಂಡ್ ರೈಲ್ವೆಯ ಮಾರ್ಗದ ಅತಿ ಕಡಿದಾದ ವಾಟ ಶೇಕಡಾ 1.75, ಅಂದರೆ ನಮ್ಮ ಘಾಟಿಗಿಂತ ತುಸು ಮೃದು. ಎಂಜಿನ್‌ಗಳ ಅನುಕೂಲಕ್ಕಾಗಿ ಬೆಟ್ಟವನ್ನು ಕೊರೆದು, ಕಣಿವೆಗೆ ಸೇತುವೆ ಕಟ್ಟಿ ಮಾಡಿದ ದಾರಿಯಾದ್ದರಿಂದಲೇ ಅದು ಮನುಷ್ಯನ ಕಾಲಿಗೆ ವಿಶ್ರಾಂತಿ ಕೊಡುವುದಿಲ್ಲ. (ಊರಿನಲ್ಲಿ ಇದನ್ನು ಓದುವವರಿಗೆ ಒಂದು ಮಾತು ಹೇಳಲೇಬೇಕು. ಸಕಲೇಶಪುರದ ಮಾರ್ಗದಲ್ಲಿ ಈಗಲೂ ರೈಲು ಓಡುತ್ತದೆ. ಹಳಿಯ ಮೇಲೆ ನಡೆಯುವುದು ನಿಷಿದ್ಧ, ಸುರಂಗದೊಳಗೆ ರೈಲು ಬಂದರೆ ಸರಿದು ನಿಲ್ಲಲು ಜಾಗ ಸಿಗುವ ಭರವಸೆಯಿಲ್ಲ. ನಾನು ಇಲ್ಲಿ ಹೇಳುತ್ತಿರುವುದು ರೈಲು ನಿಂತು, ಹಳಿ ತೆಗೆದು, ಸುಣ್ಣಕಲ್ಲಿನ ಸಣ್ಣ ಜಲ್ಲಿಪುಡಿ ಹಾಸಿ ನಡೆಯುವವರಿಗೂ ಸೈಕಲ್ಲಿನವರಿಗೂ ಬಿಟ್ಟುಕೊಟ್ಟ ದಾರಿಯ ವಿಷಯ.)

ದಿಕ್ಕಿನ ವಿಷಯದಲ್ಲಿ ನೀವು ಅಂದುಕೊಂಡಂತೆ ಕಂಬರ್‌ಲ್ಯಾಂಡಿನಿಂದಲೇ ಹೊರಡಿ. ಕಂಬರ್‌ಲ್ಯಾಂಡ್ ಸಮುದ್ರಮಟ್ಟದಿಂದ 605 ಅಡಿ ಎತ್ತರದಲ್ಲಿದೆ. ಅಲ್ಲಿಂದ ಸುಮಾರು 38 ಕಿಲೋಮೀಟರ್ ದೂರದಲ್ಲಿ ಈಸ್ಟರ್ನ್ ಕಾಂಟಿನೆಂಟಲ್ ಡಿವೈಡ್ ಎಂಬ ಜಲವಿಭಾಜಕ ಬರುತ್ತದೆ, ಅದು 2,392 ಅಡಿ. ಅದರ ಆಚೆ ಬಿದ್ದ ಮಳೆನೀರು ಒಹಾಯೊ, ಮಿಸಿಸಿಪಿ ನದಿಗಳ ಮೂಲಕ ಮೆಕ್ಸಿಕೊ ಕೊಲ್ಲಿಗೆ ಹೋದರೆ ಈಚೆಯದು ಪೊಟೊಮ್ಯಾಕ್ ಸೇರಿ ಅಟ್ಲಾಂಟಿಕ್ಕಿಗೆ ಹೋಗುತ್ತದೆ. ಅಲ್ಲಿಂದ ಮುಂದೆ 200 ಕಿಲೋಮೀಟರಿಗೂ ಹೆಚ್ಚು ದೂರ ನದಿಗಳ ಪಕ್ಕದಲ್ಲೇ ಇಳಿಯುತ್ತ 720 ಅಡಿ ಎತ್ತರದ ಪಿಟ್ಸ್‌ಬರ್ಗಿಗೆ ಬರುತ್ತೀರಿ. ಏರುವ ಕೆಲಸ ಕಾಲು ಹೊಸದಾಗಿರುವಾಗಲೇ ಮುಗಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ದಿನದಿಂದ ದಿನಕ್ಕೆ ಮನೆ ಹತ್ತಿರವಾಗುತ್ತದೆ. ಐದನೆಯ ದಿನದ ಮಧ್ಯಾಹ್ನ, ನೆರಳಿಲ್ಲದ ನೇರ ದಾರಿಯಲ್ಲಿ, ಈ ಎರಡನೆಯ ಕಾರಣದ ಬೆಲೆ ಗೊತ್ತಾಗುತ್ತದೆ. ಪಿಟ್ಸ್‌ಬರ್ಗಿನಿಂದ ಕಂಬರ್‌ಲ್ಯಾಂಡಿಗೆ ದಿನಕ್ಕೊಂದೇ ಪ್ರಯಾಣಿಕ ರೈಲು, ಅದೂ ಬೆಳಗಿನ ಜಾವದಲ್ಲಿ ಹೊರಡುವಂಥದ್ದು. ಆದ್ದರಿಂದ ಮೊದಲ ದಿನವನ್ನು ಅರ್ಧ ದಿನವೆಂದೇ ಎಣಿಸಬೇಕು.

ಇನ್ನು ಐದು ದಿನದ ಲೆಕ್ಕ. ಸೋಮವಾರದಿಂದ ಶುಕ್ರವಾರದವರೆಗಿನ ರಜೆಗೆ ಆ ಕಡೆ ಈ ಕಡೆಯ ವಾರಾಂತ್ಯ ಸೇರಿಸಿದರೆ ನಿಮ್ಮ ಕೈಯಲ್ಲಿ ಒಂಬತ್ತು ದಿನಗಳಿವೆ. ಓಟಕ್ಕೆ ಏಳು ದಿನ ಇಟ್ಟುಕೊಳ್ಳಿ. 241 ಕಿಲೋಮೀಟರನ್ನು ಐದರಿಂದ ಭಾಗಿಸಿ ಬಂದ ಸಂಖ್ಯೆ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ, ಆದರೆ ಊರುಗಳು 48 ಕಿಲೋಮೀಟರಿಗೊಂದರಂತೆ ಹುಟ್ಟಿಲ್ಲ. ಯೋಜನೆಯನ್ನು ದೂರದಿಂದಲ್ಲ, ಹಾಸಿಗೆ ಮತ್ತು ಊಟ ಎಲ್ಲಿ ಸಿಗುತ್ತದೆ ಎಂಬುದರಿಂದ ಆರಂಭಿಸಬೇಕು. ನಾನಾದರೆ ಹೀಗೆ ಹಂಚುತ್ತೇನೆ: ಮೊದಲ ದಿನ ಫ್ರಾಸ್ಟ್‌ಬರ್ಗಿನವರೆಗೆ 26 ಕಿಲೋಮೀಟರ್, ಎರಡನೆಯ ದಿನ ರಾಕ್‌ವುಡ್‌ವರೆಗೆ 45, ಮೂರನೆಯ ದಿನ ಕಾನ್‌ಫ್ಲುಯೆನ್ಸ್‌ವರೆಗೆ 29, ನಾಲ್ಕನೆಯ ದಿನ ಕಾನಲ್ಸ್‌ವಿಲ್‌ವರೆಗೆ 43, ಐದನೆಯ ದಿನ ವೆಸ್ಟ್ ನ್ಯೂಟನ್‌ವರೆಗೆ 40, ಆರನೆಯ ದಿನ ಹೋಮ್‌ಸ್ಟೆಡ್‌ವರೆಗೆ 45, ಕೊನೆಯ ದಿನ ಉಳಿದ 13. ಮೂರನೆಯ ದಿನವನ್ನು ಬೇಕೆಂದೇ ಚಿಕ್ಕದಾಗಿಟ್ಟಿದ್ದೇನೆ. ಸತತ ಓಟದಲ್ಲಿ ಮೈ ಅತಿ ಹೆಚ್ಚು ಹಟ ಮಾಡುವುದು ಮೂರನೆಯ ಬೆಳಿಗ್ಗೆ. ಆ ದಿನ ಮಧ್ಯಾಹ್ನದ ಹೊತ್ತಿಗೆ ಊರು ಸೇರಿ, ಕಾಲು ಚಾಚಿ, ಎರಡು ಬಾರಿ ಉಂಡು, ಬೇಗ ಮಲಗಿದವರು ನಾಲ್ಕನೆಯ ದಿನ ಬೇರೆಯೇ ಮನುಷ್ಯರಾಗಿ ಏಳುತ್ತಾರೆ.

ಈ ಹಂಚಿಕೆಯಲ್ಲಿ ನನ್ನದೊಂದು ಪಾಠವೂ ಸೇರಿದೆ. ಈ ಹಾದಿಯನ್ನು ಮೊದಲ ಬಾರಿ ಓಡಿದಾಗ ಜಲವಿಭಾಜಕ ದಾಟಿದ ಸಂತೋಷದಲ್ಲಿ, ಕಣ್ಣಿಗೆ ಕಾಣದಷ್ಟು ಮೆಲ್ಲಗಿನ ಇಳಿಜಾರು ನನ್ನನ್ನು ತಾನಾಗಿ ಮುಂದಕ್ಕೆ ಒಯ್ಯುತ್ತಿದ್ದಾಗ, ನಡಿಗೆಯ ವಿರಾಮಗಳನ್ನು ಬಿಟ್ಟು ಓಡಿಬಿಟ್ಟೆ. ರಾಕ್‌ವುಡ್ ಸೇರುವಾಗ ಎಡಗಾಲಿನ ಮುಂಗಾಲ ಮೂಳೆಯ ಪಕ್ಕದ ಸ್ನಾಯು ಊದಿಕೊಂಡು, ಪಾದ ಎತ್ತಿದರೆ ಒಳಗೆ ಮರಳು ಉಜ್ಜಿದಂತೆ ನೋಯುತ್ತಿತ್ತು. ಉಳಿದ ದಾರಿಯ ಬಹುಪಾಲನ್ನು ನಡೆದೇ ಮುಗಿಸಿದೆ. ಎರಡನೆಯ ಬಾರಿ ಮೊದಲ ಗಂಟೆಯಿಂದಲೇ ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ ಎಂದು ಗಡಿಯಾರಕ್ಕೆ ಕಟ್ಟಿಕೊಂಡು ಹೊರಟೆ. ಕೊನೆಯ ದಿನವೂ ಓಡುತ್ತಲೇ ಬಂದೆ. ದಣಿದ ಮೇಲೆ ನಡೆಯುವುದು ಸೋಲಿನ ನಡಿಗೆ, ದಣಿಯುವ ಮೊದಲೇ ನಡೆಯುವುದು ಯೋಜನೆಯ ಭಾಗ. ಕಾಲಿಗೆ ಈ ಎರಡರ ನಡುವೆ ಅಜಗಜಾಂತರವಿದೆ. ನಡೆಯುವಾಗ ಹಿಮ್ಮಡಿ ಮೊದಲು ಊರುತ್ತದೆ, ಹೆಜ್ಜೆಯ ಕೋನ ಬದಲಾಗುತ್ತದೆ, ಮೀನಖಂಡಕ್ಕೆ ಬಿಡುವು ಸಿಗುತ್ತದೆ. ಗುಡ್ಡ ಕೊಡದ ಬದಲಾವಣೆಯನ್ನು ನೀವೇ ಹೀಗೆ ಮಾಡಿಕೊಳ್ಳಬೇಕು. ಅರ್ಧ ಗಂಟೆಗೊಮ್ಮೆ ಹಾದಿಯ ಒಂದು ಅಂಚಿನಿಂದ ಇನ್ನೊಂದಕ್ಕೆ ಬದಲಾಯಿಸುವುದೂ ಒಳ್ಳೆಯದು, ಏಕೆಂದರೆ ಮಳೆನೀರು ಹರಿದುಹೋಗಲೆಂದು ಅಂಚುಗಳು ತುಸು ಇಳಿಜಾರಾಗಿರುವ ಕಡೆ ಒಂದೇ ಬದಿಯಲ್ಲಿ ಓಡಿದರೆ ಒಂದೇ ಮಂಡಿಗೆ, ಒಂದೇ ಸೊಂಟಕ್ಕೆ ಭಾರ ಬೀಳುತ್ತದೆ. ಊರು ದಾಟುವಾಗ ಸಿಗುವ ಸೈಕಲ್ಲಿನವರಿಗೆ ಅಡ್ಡವಾಗದಂತೆ ನೋಡಿಕೊಂಡರಾಯಿತು.

ಆರು ತಿಂಗಳ ತಯಾರಿಯನ್ನು ವೇಗಕ್ಕೆ ಖರ್ಚು ಮಾಡಬೇಡಿ. ನಾಲ್ಕು ಮ್ಯಾರಥಾನ್ ಓಡಿದವರಿಗೆ ಹೃದಯ ಮತ್ತು ಶ್ವಾಸಕೋಶಗಳ ಶಕ್ತಿ ಈಗಾಗಲೇ ಇದೆ. ಇಲ್ಲದ್ದು ನಿನ್ನೆ ಓಡಿದ ಕಾಲಿನ ಮೇಲೆ ಇಂದು ಮತ್ತೆ ಓಡುವ ಅಭ್ಯಾಸ. ಶನಿವಾರ ಮತ್ತು ಭಾನುವಾರ ಬೆನ್ನುಬೆನ್ನಿಗೆ ಓಡಿ. ಮೊದಲ ತಿಂಗಳು 18 ಮತ್ತು 12 ಕಿಲೋಮೀಟರಿನಿಂದ ಆರಂಭಿಸಿ, ಮೂರು ವಾರ ಏರಿಸಿ ನಾಲ್ಕನೆಯ ವಾರ ಇಳಿಸುತ್ತ, ಆಗಸ್ಟ್ ಹೊತ್ತಿಗೆ 38 ಮತ್ತು 28ಕ್ಕೆ ಬಂದರೆ ಸಾಕು. ವಾರದ ಒಟ್ಟು ಓಟ 90 ಕಿಲೋಮೀಟರ್ ದಾಟುವ ಅಗತ್ಯ ನನಗೆ ಕಾಣುವುದಿಲ್ಲ. ವಾರಕ್ಕೆ ಎರಡು ದಿನ ಮೆಟ್ಟಿಲಿನ ಅಂಚಿನ ಮೇಲೆ ನಿಂತು ಹಿಮ್ಮಡಿ ಏರಿಸಿ ಇಳಿಸುವ ವ್ಯಾಯಾಮವನ್ನೂ, ಗೋಡೆಗೆ ಬೆನ್ನು ಕೊಟ್ಟು ನಿಂತು ಪಾದದ ಮುಂಭಾಗ ಎತ್ತುವ ವ್ಯಾಯಾಮವನ್ನೂ ಮಾಡಿ. ವಾರಕ್ಕೊಮ್ಮೆ ಗಂಟೆಗೆ 6 ಕಿಲೋಮೀಟರ್ ವೇಗದಲ್ಲಿ ಒಂದೂವರೆ ಗಂಟೆ ನಡೆಯಿರಿ. ಚುರುಕಾಗಿ ನಡೆಯುವುದೂ ಕಲಿಯಬೇಕಾದ ವಿದ್ಯೆ, ಓಟಗಾರರಲ್ಲಿ ಅದು ಅನೇಕರಿಗೆ ಬರುವುದಿಲ್ಲ. ಚೀಲವನ್ನು ಎಂಟನೆಯ ವಾರದಿಂದ ಹೊರಿ, ಮೊದಲು 2 ಕಿಲೋ, ಕೊನೆಗೆ ಪೂರ್ತಿ ಭಾರ. ನಿಮಗಿರುವ ದೊಡ್ಡ ಅನುಕೂಲವೆಂದರೆ ಹಾದಿಯ ಕೊನೆಯ ಭಾಗ ಮನೆಯ ಬಾಗಿಲಲ್ಲೇ ಇದೆ. ಮಕೀಸ್‌ಪೋರ್ಟ್ ಹತ್ತಿರದ ಬೋಸ್ಟನ್ ಎಂಬ ಸಣ್ಣ ಊರಿನಿಂದ ವೆಸ್ಟ್ ನ್ಯೂಟನ್ನಿಗೆ ಸುಮಾರು 23 ಕಿಲೋಮೀಟರ್. ಅಲ್ಲೇ ಉಳಿದು ಮರುದಿನ ವಾಪಸು ಓಡಿ ಬನ್ನಿ. ಆಗಸ್ಟ್ ಕೊನೆಯಲ್ಲಿ ಒಂದು ಬಾರಿ, ಪೂರ್ತಿ ಚೀಲದೊಂದಿಗೆ, ಹೊರಡುವ ದಿನ ಹಾಕಿಕೊಳ್ಳುವ ಅದೇ ಬೂಟು, ಅದೇ ಕಾಲುಚೀಲದಲ್ಲಿ ಈ ಎರಡು ದಿನದ ಓಟವಾಗಲಿ. ಚೀಲದ ಯಾವ ಪಟ್ಟಿ ಭುಜ ಉಜ್ಜುತ್ತದೆ, ಯಾವ ತಿಂಡಿ ಬಿಸಿಲಿಗೆ ಕರಗುತ್ತದೆ ಎಂಬುದೆಲ್ಲ ಅಲ್ಲೇ ತಿಳಿಯುತ್ತದೆ.

ಚೀಲದ ಭಾರ ನೀರು, ಆಹಾರ ಎಲ್ಲ ಸೇರಿ ನಿಮ್ಮ ತೂಕದ ಹತ್ತರಲ್ಲೊಂದು ಭಾಗ, ಅಂದರೆ 6 ಕಿಲೋ ಮೀರದಿರಲಿ. ಡೇರೆ ಹೊತ್ತರೆ ಈ ಮಿತಿಯೊಳಗೆ ನಿಲ್ಲುವುದು ಬಹಳ ಕಷ್ಟ. ಈ ಹಾದಿಯಲ್ಲಿ ಡೇರೆ ಹಾಕುವ ಜಾಗಗಳಿವೆಯಾದರೂ, ಮೊದಲ ಬಾರಿ ಓಡುವ ನೀವು ಪ್ರತಿ ರಾತ್ರಿಗೂ ಕೋಣೆ ಕಾಯ್ದಿರಿಸಿಕೊಳ್ಳಿ. ಬಿಸಿನೀರು, ಒಣಗಿದ ಕಾಲುಚೀಲ, ಎಂಟು ಗಂಟೆಯ ನಿದ್ದೆ, ಇವು ಓಟದ ಹೊರಗಿನ ಸುಖಗಳಲ್ಲ, ನಾಳಿನ ಓಟದ ಬಂಡವಾಳ. ಸೊಂಟ ಮತ್ತು ಎದೆಗೆ ಬಿಗಿಯಾಗಿ ಕೂರುವ 20 ಲೀಟರಿನ ಓಟದ ಚೀಲ, ಎರಡು ಜೊತೆ ಓಟದ ಬಟ್ಟೆ, ಮೂರು ಜೊತೆ ಕಾಲುಚೀಲ, ಸಂಜೆಗೊಂದು ಜೊತೆ ತೆಳು ಉಡುಪು, ಮಳೆ ಅಂಗಿ, ಹಗುರಾದ ಬೆಚ್ಚನೆಯ ಅಂಗಿ, ತಲೆದೀಪ, ಫೋನು ಮತ್ತು ಚಾರ್ಜರ್, ನೀರು ಸೋಸುವ ಸಣ್ಣ ಫಿಲ್ಟರ್, ಪಾದದ ಪಟ್ಟಿ, ಕತ್ತರಿ, ಔಷಧ: ಇಷ್ಟಕ್ಕೆ ಮೂರೂವರೆ ಕಿಲೋದೊಳಗೆ ಬರಬಹುದು. ಬೆಚ್ಚನೆಯ ಅಂಗಿಯನ್ನು ಮಾತ್ರ ಬಿಡಬೇಡಿ. ಸೆಪ್ಟೆಂಬರ್ ಕೊನೆಯಲ್ಲಿ ಬೆಟ್ಟದ ಮೇಲಿನ ಮುಂಜಾವಿನ ತಾಪಮಾನ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಬಹುದು, ಬೆವರಿ ನಿಂತವರಿಗೆ ಆ ಚಳಿ ಬೇಗ ಒಳಹೊಗುತ್ತದೆ. ಬೂಟು ರಸ್ತೆ ಓಟದ್ದೇ ಸಾಕು, ಅರ್ಧ ಅಳತೆ ದೊಡ್ಡದಿರಲಿ, ಏಕೆಂದರೆ ಎರಡನೆಯ ದಿನದಿಂದ ಪಾದ ಊದುತ್ತದೆ. ಸುಣ್ಣಕಲ್ಲಿನ ಪುಡಿ ಬೂಟಿನೊಳಗೆ ಸೇರಿ ಬೆವರಿನೊಂದಿಗೆ ಉಪ್ಪುಕಾಗದದಂತೆ ಉಜ್ಜುತ್ತದೆ. ಪಾದದ ಮೇಲೆ ಹಾಕುವ ಬಟ್ಟೆಯ ಗೇಟರ್ ಇದಕ್ಕೆ ಮದ್ದು. ಎಲ್ಲಾದರೂ ಬಿಸಿಯೆನಿಸಿದ ಕೂಡಲೇ, ಮುಂದಿನ ಊರಿನಲ್ಲಿ ನೋಡೋಣ ಎನ್ನದೆ, ಅಲ್ಲೇ ಕುಳಿತು ಪಟ್ಟಿ ಹಾಕಿ.

ನೀವು ‘ಯಾರ ನೆರವೂ ಇಲ್ಲದೆ’ ಎಂದು ಬರೆದಿದ್ದೀರಿ. ದೂರದ ಓಟಗಾರರಲ್ಲಿ ಇದಕ್ಕೆ ಎರಡು ಅರ್ಥಗಳಿವೆ. ಆಹಾರವನ್ನೆಲ್ಲ ಮೊದಲ ಹೆಜ್ಜೆಯಿಂದ ಕೊನೆಯ ಹೆಜ್ಜೆಯವರೆಗೆ ತಾನೇ ಹೊತ್ತು, ದಾರಿಯಲ್ಲಿ ನೀರಿನ ಹೊರತು ಏನನ್ನೂ ಪಡೆಯದಿರುವುದು ಒಂದು. ಅಂಗಡಿಯಲ್ಲಿ ಕೊಳ್ಳುತ್ತ, ಹೋಟೆಲಿನಲ್ಲಿ ಉಣ್ಣುತ್ತ, ತನಗೆ ತಾನೇ ಮೊದಲೇ ಅಂಚೆಯಲ್ಲಿ ಕಳಿಸಿದ ಪೊಟ್ಟಣ ಬಿಡಿಸಿಕೊಳ್ಳುತ್ತ, ಅಂದರೆ ಯಾವ ದಾರಿಹೋಕನಿಗೂ ಸಿಗುವ ಸೌಕರ್ಯವನ್ನಷ್ಟೇ ಬಳಸಿ, ತನಗಾಗಿಯೇ ಬಂದ ಮನುಷ್ಯರ ನೆರವು ಪಡೆಯದಿರುವುದು ಇನ್ನೊಂದು. ನಿಮಗೆ ಈ ಎರಡನೆಯದೇ ಸರಿ. ಕಾನಲ್ಸ್‌ವಿಲ್‌ನಲ್ಲಿ ಗೆಳತಿ ಕಾರಿನಲ್ಲಿ ಬಂದು ಬಿಸಿಬೇಳೆಬಾತ್ ಕೊಟ್ಟರೆ ಆ ನಿಯಮ ಮುರಿಯಿತು; ಅದೇ ಊರಿನ ಅಂಗಡಿಯಲ್ಲಿ ನೀವೇ ಬ್ರೆಡ್ ಕೊಂಡರೆ ಮುರಿಯಲಿಲ್ಲ. ಇದು ನೀವು ನಿಮಗೇ ಹಾಕಿಕೊಂಡ ನಿಯಮ. ಕಾಲಿಗೆ ಪೆಟ್ಟಾದರೆ, ಸಿಡಿಲು ಬಡಿಯುತ್ತಿದ್ದರೆ, ಯಾರಾದರೂ ಕಾರಿನ ಬಾಗಿಲು ತೆರೆದರೆ ಹತ್ತಿ ಕುಳಿತುಕೊಳ್ಳಿ.

ಆಹಾರದ ಲೆಕ್ಕ ಸ್ವಲ್ಪ ಕಟುವಾದದ್ದು. ಒಂದು ಕಿಲೋ ತೂಕವನ್ನು ಒಂದು ಕಿಲೋಮೀಟರ್ ಓಡಿಸಲು ಸುಮಾರು ಒಂದು ಕಿಲೋಕ್ಯಾಲರಿ ಬೇಕು. ನೀವು ಮತ್ತು ಚೀಲ ಸೇರಿ 66 ಕಿಲೋ; 45 ಕಿಲೋಮೀಟರಿಗೆ ಹತ್ತಿರಹತ್ತಿರ 3,000, ಅದು ದಿನನಿತ್ಯದ ದೇಹಧಾರಣೆಗೆ ಬೇಕಾದದ್ದರ ಮೇಲೆ. ಓಡುತ್ತಿರುವಾಗ ಹೊಟ್ಟೆ ಗಂಟೆಗೆ 200ರಿಂದ 250 ಕಿಲೋಕ್ಯಾಲರಿಯನ್ನು ನೆಮ್ಮದಿಯಾಗಿ ಅರಗಿಸಬಲ್ಲದು. ಉಳಿದದ್ದು ಬೆಳಿಗ್ಗೆ ಮತ್ತು ಸಂಜೆ ಬರಬೇಕು, ಹಸಿವಿರಲಿ ಇಲ್ಲದಿರಲಿ. ಈ ಭಾಗದ ಸಣ್ಣ ಊರುಗಳಲ್ಲಿ ಸಸ್ಯಾಹಾರವೆಂದರೆ ಪಿಜ್ಜಾ, ಚೀಸ್ ಸ್ಯಾಂಡ್‌ವಿಚ್, ಹುರಿದ ಆಲೂಗಡ್ಡೆ, ಪ್ಯಾನ್‌ಕೇಕ್. ಹೊಟ್ಟೆ ತುಂಬುತ್ತದೆ, ಆದರೆ ಮೂರು ದಿನಕ್ಕೆ ನಾಲಿಗೆ ಬೇಸರಗೊಂಡು ಊಟ ಕಡಿಮೆಯಾಗುವುದೇ ಅಪಾಯ. ಅದಕ್ಕೆ ಊರಿನ ರುಚಿ ಸ್ವಲ್ಪ ಜೊತೆಯಲ್ಲಿರಲಿ. ಶೇಂಗಾ ಚಿಕ್ಕಿಗಿಂತ ಒಳ್ಳೆಯ ಓಟದ ತಿಂಡಿಯನ್ನು ನಾನು ಕಂಡಿಲ್ಲ: ಬೆಲ್ಲದ ಸಕ್ಕರೆ ಬೇಗ ರಕ್ತಕ್ಕಿಳಿಯುತ್ತದೆ, ಶೇಂಗಾದ ಕೊಬ್ಬು ನಿಧಾನವಾಗಿ ಉರಿಯುತ್ತದೆ, ಬಿಸಿಲಿಗೆ ಚಾಕಲೇಟಿನಂತೆ ಕರಗಿ ಹರಿಯುವುದಿಲ್ಲ. ಉಪ್ಪು, ಒಗ್ಗರಣೆ ಎಲ್ಲ ಸೇರಿಸಿ ಒಣಗಿಸಿಟ್ಟ ತೆಳು ಅವಲಕ್ಕಿಗೆ ಕೋಣೆಯ ಕಾಫಿ ಯಂತ್ರದ ಬಿಸಿನೀರು ಹಾಕಿದರೆ ಐದು ನಿಮಿಷದಲ್ಲಿ ಬೆಳಗಿನ ತಿಂಡಿ. ಹುರಿಗಡಲೆ, ಒಣದ್ರಾಕ್ಷಿ, ಒಂದು ಸಣ್ಣ ಡಬ್ಬಿ ಚಟ್ನಿಪುಡಿ. ಚಟ್ನಿಪುಡಿ ಇದ್ದರೆ ಯಾವ ಬ್ರೆಡ್ಡೂ ಹೊಟ್ಟೆಗೆ ಇಳಿಯುತ್ತದೆ. ಏಳು ದಿನದ್ದನ್ನೂ ಹೊರಬೇಡಿ. ಅರ್ಧವನ್ನು ಕಾನ್‌ಫ್ಲುಯೆನ್ಸಿನಲ್ಲಿ ನೀವು ತಂಗುವ ಮನೆಯವರ ಒಪ್ಪಿಗೆ ಪಡೆದು ಅವರ ವಿಳಾಸಕ್ಕೆ ಒಂದು ವಾರ ಮುಂಚೆ ಕಳಿಸಿ. ಅಂಚೆ ಕಚೇರಿಗೆ ಕಳಿಸಿದರೆ ಭಾನುವಾರ ಬಾಗಿಲು ಮುಚ್ಚಿರುತ್ತದೆ.

ನೀರಿನ ವಿಷಯದಲ್ಲಿ ಈ ಹಾದಿಗೆ ವಿಶೇಷವಾದ ಒಂದು ಎಚ್ಚರಿಕೆಯಿದೆ. ಪಶ್ಚಿಮ ಪೆನ್ಸಿಲ್ವೇನಿಯಾ ನೂರೈವತ್ತು ವರ್ಷ ಕಲ್ಲಿದ್ದಲು ಅಗೆದ ನಾಡು. ಕಾನಲ್ಸ್‌ವಿಲ್ ಸುತ್ತಮುತ್ತ ಕಲ್ಲಿದ್ದಲು ಸುಟ್ಟು ಮಾಡಿದ ಕೋಕ್ ಎಂಬ ಇಂಧನ ಪಿಟ್ಸ್‌ಬರ್ಗಿನ ಉಕ್ಕಿನ ಕುಲುಮೆಗಳಿಗೆ ಹೋಗುತ್ತಿತ್ತು. ಬಿಟ್ಟುಹೋದ ಗಣಿಗಳಿಂದ ಇಂದಿಗೂ ಆಮ್ಲೀಯ ನೀರು ಹೊರಬರುತ್ತದೆ. ಹಾದಿಯ ಪಕ್ಕದ ಬಂಡೆಯ ಮೇಲೆ ಕಿತ್ತಳೆ ಬಣ್ಣದ ಹೊದಿಕೆ ಕಂಡರೆ ಅದು ಕಬ್ಬಿಣ, ಸುಣ್ಣ ಬಳಿದಂತೆ ಬಿಳಿಯಾಗಿದ್ದರೆ ಅಲ್ಯೂಮಿನಿಯಂ. ನಿಮ್ಮ ಚೀಲದ ಫಿಲ್ಟರ್ ರೋಗಾಣುಗಳನ್ನು ತಡೆಯುತ್ತದೆಯೇ ಹೊರತು ಕರಗಿದ ಲೋಹವನ್ನು ತಡೆಯುವುದಿಲ್ಲ, ಕುದಿಸಿದರೂ ಅದು ಹೋಗುವುದಿಲ್ಲ. ಆದ್ದರಿಂದ ತೊರೆಯ ನೀರನ್ನು ತೀರ ಅನಿವಾರ್ಯಕ್ಕೆ ಮಾತ್ರ ಇಟ್ಟುಕೊಂಡು ಊರುಗಳಲ್ಲೇ ತುಂಬಿಸಿಕೊಳ್ಳಿ. ಮುಖ್ಯವಾಗಿ ಒಹಾಯೊಪೈಲ್ ಮತ್ತು ಕಾನಲ್ಸ್‌ವಿಲ್ ನಡುವಿನ 27 ಕಿಲೋಮೀಟರ್: ಯಾಕಿಗೇನಿ ನದಿಯ ಆಳವಾದ ಕಮರಿ, ನಡುವೆ ಅಂಗಡಿಯಿಲ್ಲ, ಫೋನಿನ ಸಂಕೇತವೂ ಬಹುಪಾಲು ಇಲ್ಲ. ಇಡೀ ಹಾದಿಯಲ್ಲಿ ಅತ್ಯಂತ ಸುಂದರವಾದ ಭಾಗವೂ ಅದೇ ಎಂಬುದು ನನ್ನ ಅಭಿಪ್ರಾಯ. ಒಹಾಯೊಪೈಲ್ ಜಲಪಾತದ ಬಳಿ ಚೆನ್ನಾಗಿ ತಿಂದು, ಎರಡು ಲೀಟರ್ ತುಂಬಿಸಿಕೊಂಡು ಹೊರಡಿ. ಕುಡಿಯುವುದು ಬಾಯಾರಿಕೆಗೆ ತಕ್ಕಂತಿರಲಿ, ಜೊತೆಗೆ ಉಪ್ಪಿರಲಿ. ಬರೀ ನೀರನ್ನು ಹಟದಿಂದ ಕುಡಿದು ರಕ್ತದ ಸೋಡಿಯಂ ಇಳಿದು ಆಸ್ಪತ್ರೆ ಸೇರುವವರಿದ್ದಾರೆ. ನೋವಿಗೆಂದು ಐಬುಪ್ರೊಫೇನ್ ನುಂಗಿ ಓಡಬೇಡಿ, ದೀರ್ಘ ಓಟದಲ್ಲಿ ಅದು ಮೂತ್ರಪಿಂಡಕ್ಕೆ ಹೊರೆ. ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದರೆ ಸ್ನಾಯುಗಳು ಒಡೆಯುತ್ತಿರಬಹುದು. ಅಂದು ಓಟ ಮುಗಿಯಿತು, ವೈದ್ಯರ ಬಳಿಗೆ ಹೋಗಬೇಕು.

ಮೊದಲ ಎರಡು ದಿನಗಳ ಸುರಂಗಗಳ ಬಗ್ಗೆಯೂ ತಿಳಿದಿರಲಿ. ಕಂಬರ್‌ಲ್ಯಾಂಡ್‌ನಿಂದ ಫ್ರಾಸ್ಟ್‌ಬರ್ಗಿನವರೆಗೆ ಹಾದಿಯ ಪಕ್ಕದಲ್ಲೇ ಪ್ರವಾಸಿಗರ ರೈಲು ಈಗಲೂ ಓಡುತ್ತದೆ, 914 ಅಡಿ ಉದ್ದದ ಬ್ರಷ್ ಸುರಂಗವನ್ನು ಹಾದಿಯೂ ಹಳಿಯೂ ಹಂಚಿಕೊಳ್ಳುತ್ತವೆ. ರೈಲಿನ ಸದ್ದು ಕೇಳಿದರೆ ಹೊರಗೇ ನಿಂತು ಅದು ಹೋದ ಮೇಲೆ ಒಳಗೆ ಹೋಗಿ. ಫ್ರಾಸ್ಟ್‌ಬರ್ಗ್ ಊರು ಹಾದಿಯಿಂದ ಮೇಲಿದೆ. ಆ ಕೊನೆಯ ಏರನ್ನು ನಡೆದೇ ಹತ್ತಿ. ಎರಡನೆಯ ದಿನ ಬರುವ ಬಿಗ್ ಸ್ಯಾವೇಜ್ ಸುರಂಗ 3,294 ಅಡಿ, ಸರಿಸುಮಾರು ಒಂದು ಕಿಲೋಮೀಟರ್. ದೀಪಗಳಿವೆ, ಆದರೂ ತಲೆದೀಪ ಹೊತ್ತಿಸಿಕೊಳ್ಳಿ, ಬೇಸಿಗೆಯಲ್ಲೂ ಒಳಗೆ ತಣ್ಣಗಿರುತ್ತದೆ. ಚಳಿಗಾಲದಲ್ಲಿ ಹಿಮ ಕಟ್ಟಿ ಗೋಡೆ ಕೆಡದಂತೆ ಅದರ ಬಾಗಿಲು ಮುಚ್ಚುತ್ತಾರೆ. ಸೆಪ್ಟೆಂಬರಿನಲ್ಲಿ ಸಾಮಾನ್ಯವಾಗಿ ತೆರೆದಿರುತ್ತದಾದರೂ ದುರಸ್ತಿಗೆ ಮುಚ್ಚಿದೆಯೇ ಎಂದು ಹಾದಿಯನ್ನು ನೋಡಿಕೊಳ್ಳುವ ಗ್ರೇಟ್ ಅಲಿಗೇನಿ ಪ್ಯಾಸೇಜ್ ಕನ್ಸರ್ವೆನ್ಸಿಯ ಸೂಚನೆಗಳನ್ನು ಹೊರಡುವ ಹಿಂದಿನ ದಿನ ನೋಡಿ. ಮೈಯರ್ಸ್‌ಡೇಲ್ ದಾಟಿದ ಮೇಲೆ ಬರುವ ಸ್ಯಾಲಿಸ್‌ಬರಿ ಸೇತುವೆ 1,908 ಅಡಿ ಉದ್ದ, ಕಣಿವೆಯಿಂದ ಬಹಳ ಎತ್ತರ. ಗಾಳಿ ಜೋರಾಗಿದ್ದರೆ ಟೋಪಿ ತೆಗೆದು ಚೀಲದೊಳಗಿಡಿ.

ಒಬ್ಬರೇ ಹೋಗುವ ಬಗೆಗಿನ ಆತಂಕವನ್ನು ‘ಏನೂ ಆಗುವುದಿಲ್ಲ ಬಿಡಿ’ ಎಂದು ತಳ್ಳಿಹಾಕುವುದು ಸರಿಯಲ್ಲ. ಮನೆಯವರ ಭಯ ಕಡಿಮೆಯಾಗುವುದು ಧೈರ್ಯದ ಮಾತಿನಿಂದಲ್ಲ, ಖಚಿತವಾದ ವ್ಯವಸ್ಥೆಯಿಂದ. ಹಾದಿಯುದ್ದಕ್ಕೂ ಮೈಲಿಗೊಂದು ಕಂಬವಿದೆ. ಪ್ರತಿ ರಾತ್ರಿಯ ವಿಳಾಸ, ಪ್ರತಿ ದಿನದ ಮೈಲಿ ಸಂಖ್ಯೆ, ಹೊರಡುವ ಮತ್ತು ತಲುಪುವ ಹೊತ್ತು ಬರೆದ ಒಂದು ಹಾಳೆ ಮನೆಯ ಫ್ರಿಜ್ಜಿನ ಬಾಗಿಲ ಮೇಲಿರಲಿ. ಬೆಳಿಗ್ಗೆ ಹೊರಟಾಗ, ಮಧ್ಯಾಹ್ನ ಊರು ದಾಟುವಾಗ, ಸಂಜೆ ಕೋಣೆ ಸೇರಿದಾಗ ಕೊನೆಯದಾಗಿ ದಾಟಿದ ಮೈಲಿಕಂಬದ ಸಂಖ್ಯೆ ಕಳಿಸಿ. ಸಂಜೆ ಏಳಕ್ಕೆ ಸುದ್ದಿಯಿಲ್ಲದಿದ್ದರೆ ತಂಗುವ ಮನೆಗೆ ಕರೆ, ಎಂಟಕ್ಕೂ ಇಲ್ಲದಿದ್ದರೆ ತುರ್ತು ಸಹಾಯದ ಸಂಖ್ಯೆ 911ಕ್ಕೆ ಎಂದು ಮೊದಲೇ ಒಪ್ಪಂದವಾಗಲಿ. ಫೋನಿನ ಸಂಕೇತವಿಲ್ಲದ ಕಮರಿಗಾಗಿ ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಣ್ಣ ಸಾಧನವೊಂದನ್ನು ಬಾಡಿಗೆಗೆ ತನ್ನಿ. ಅದರ ನೂರು ಗ್ರಾಂ ಭಾರದ ಬಗ್ಗೆ ನಾನು ಚೌಕಾಸಿ ಮಾಡುವುದಿಲ್ಲ. ಸೆಪ್ಟೆಂಬರ್ ಕೊನೆಗೆ ಹಗಲು ಸುಮಾರು ಹನ್ನೆರಡು ಗಂಟೆ, ಕಮರಿಯೊಳಗೆ ಕತ್ತಲೆ ಇನ್ನೂ ಬೇಗ. ಬೆಳಕು ಹರಿದ ಕೂಡಲೇ ಹೊರಟು ನಾಲ್ಕರೊಳಗೆ ಊರು ಸೇರಿ. ಇಂದು ಎಲ್ಲಿ ತಂಗುತ್ತೀರೆಂದು ದಾರಿಯಲ್ಲಿ ಸಿಕ್ಕ ಅಪರಿಚಿತರಿಗೆ ಹೇಳುವ ಅಗತ್ಯವಿಲ್ಲ, ಎಷ್ಟೇ ಒಳ್ಳೆಯವರಾಗಿ ಕಂಡರೂ. ಕಿವಿಯಲ್ಲಿ ಹಾಡು ಬೇಕಿದ್ದರೆ ಒಂದೇ ಕಿವಿಗೆ.

ಕರಡಿಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಇಲ್ಲಿನ ಕಪ್ಪು ಕರಡಿ ಮನುಷ್ಯರ ಸದ್ದಿಗೇ ಸರಿದುಹೋಗುವಂಥದ್ದು. ಕಂಡರೆ ಓಟ ನಿಲ್ಲಿಸಿ, ಬೆನ್ನು ತೋರದೆ, ಗಟ್ಟಿಯಾಗಿ ಮಾತಾಡುತ್ತ ಹಿಂದೆ ಸರಿಯಿರಿ. ನನಗೆ ಹೆಚ್ಚು ಚಿಂತೆಯಿರುವುದು ಎಳ್ಳುಕಾಳಿನಷ್ಟಿರುವ ಉಣ್ಣಿಯ ಬಗ್ಗೆ. ಜಿಂಕೆಗಳ ಮೇಲಿರುವ ಈ ಉಣ್ಣಿ ಲೈಮ್ ರೋಗ ತರುತ್ತದೆ, ಪೆನ್ಸಿಲ್ವೇನಿಯಾದಲ್ಲಿ ಆ ರೋಗ ಬಹಳ ಸಾಮಾನ್ಯ. ಹುಲ್ಲಿನೊಳಗೆ ಕೂರಬೇಡಿ, ಪ್ರತಿ ಸಂಜೆ ಸ್ನಾನದ ಹೊತ್ತಿಗೆ ಮಂಡಿಯ ಹಿಂಭಾಗ, ಸೊಂಟಪಟ್ಟಿಯ ಸುತ್ತ, ಕೂದಲಿನ ಅಂಚು ತಡವಿ ನೋಡಿ. ಬಿಸಿಲು ಕಾಯಲು ಹಾದಿಗೆ ಬರುವ ರ‍್ಯಾಟಲ್ ಹಾವುಗಳಿಗೆ ದೂರದಿಂದಲೇ ದಾರಿ ಬಿಡಿ. ಬೇಟೆಯ ಋತು ಆರಂಭವಾಗುವ ಕಾಲವಾದ್ದರಿಂದ ಕಣ್ಣಿಗೆ ರಾಚುವ ಕಿತ್ತಳೆ ಬಣ್ಣದ ಅಂಗಿ ಅಥವಾ ಟೋಪಿ ಇರಲಿ.

ಬೇಸರದ ಬಗ್ಗೆ ನೀವು ಕೇಳಿಲ್ಲ, ಆದರೆ ಅದು ಬರುತ್ತದೆ. ಒಂದೇ ಬಗೆಯ ಮರಗಳ ಸಾಲು, ಒಂದೇ ಬಗೆಯ ನೇರ ದಾರಿ. ಆ ಹೊತ್ತಿಗೆ ಹಾದಿಯ ಬಗ್ಗೆ ತಿಳಿದವರಿಗೆ ಅದು ತೆರೆದುಕೊಳ್ಳುತ್ತದೆ. ಕಾನ್‌ಫ್ಲುಯೆನ್ಸ್ ಎಂಬ ಹೆಸರಿಗೇ ಸಂಗಮವೆಂದರ್ಥ. ಯಾಕಿಗೇನಿ, ಕ್ಯಾಸಲ್‌ಮನ್, ಲಾರೆಲ್ ಹಿಲ್ ಎಂಬ ಮೂರು ಹೊಳೆಗಳು ಅಲ್ಲಿ ಕೂಡುತ್ತವೆ, 1754ರಲ್ಲಿ ಯುವಕ ಜಾರ್ಜ್ ವಾಷಿಂಗ್ಟನ್ ಯಾಕಿಗೇನಿ ನದಿಯಲ್ಲಿ ದಾರಿ ಹುಡುಕುತ್ತ ಬಂದಿದ್ದ. ವೆಸ್ಟ್ ನ್ಯೂಟನ್ನಿಗೆ ಮುಂಚೆ ವ್ಯಾನ್ ಮೀಟರ್ ಎಂಬಲ್ಲಿ 1907ರ ಡಿಸೆಂಬರ್ 19ರಂದು ಡಾರ್ ಗಣಿ ಸಿಡಿದು 239 ಮಂದಿ ಸತ್ತರು, ಅವರಲ್ಲಿ ಹುಡುಗರೂ ಇದ್ದರು. ನಾನು ಎರಡು ಬಾರಿಯೂ ಅಲ್ಲಿ ಓಟ ನಿಲ್ಲಿಸಿ ನಡೆದಿದ್ದೇನೆ.

ಆರನೆಯ ದಿನ ಮಕೀಸ್‌ಪೋರ್ಟ್ ದಾಟಿದ ಮೇಲೆ ಜಲ್ಲಿಪುಡಿ ಹೋಗಿ ಡಾಂಬರು ಬರುತ್ತದೆ, ವಾಹನಗಳೂ ಅಡ್ಡರಸ್ತೆಗಳೂ ಬರುತ್ತವೆ. ಆರು ದಿನ ಮೆತ್ತಗಿನ ನೆಲಕ್ಕೆ ಒಗ್ಗಿದ ಕಾಲಿಗೆ ಈ ಗಟ್ಟಿ ನೆಲ ಪೆಟ್ಟು ಕೊಡುತ್ತದೆ. ಆ ಭಾಗದಲ್ಲಿ ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ ಎಂದು ಬದಲಾಯಿಸಿ. ಹೋಮ್‌ಸ್ಟೆಡ್‌ನಲ್ಲಿ ಹಳೆಯ ಉಕ್ಕಿನ ಕಾರ್ಖಾನೆಯ ಜಾಗದಲ್ಲಿ ಈಗ ಅಂಗಡಿಗಳೂ ಹೋಟೆಲುಗಳೂ ಇವೆ. ಅಲ್ಲಿಂದ ನಿಮ್ಮ ಮನೆಗೆ ಕಾರಿನಲ್ಲಿ ಹೆಚ್ಚು ದೂರವಿಲ್ಲ, ಮನೆಗೆ ಹೋಗಿ ಮಲಗಿ ಬೆಳಿಗ್ಗೆ ಬರುವ ಆಸೆ ಖಂಡಿತ ಆಗುತ್ತದೆ. ಅಂದು ರಾತ್ರಿ ಅಲ್ಲೇ ಉಳಿಯಿರಿ. ಮರುದಿನದ 13 ಕಿಲೋಮೀಟರಿಗೆ ಆತುರ ಬೇಡ. ಮನೆಯವರೆಲ್ಲ ಮೊನಾಂಗಹೀಲಾ ಮತ್ತು ಅಲಿಗೇನಿ ನದಿಗಳು ಕೂಡಿ ಒಹಾಯೊ ಆಗುವ ಪಾಯಿಂಟ್ ಉದ್ಯಾನಕ್ಕೆ ಹತ್ತು ಗಂಟೆಯ ಹೊತ್ತಿಗೆ ಬರಲಿ. ಬಿಸಿಬೇಳೆಬಾತನ್ನು ಅಲ್ಲಿಗೆ ತರಬಹುದು.